ನಿಲ್ಲಬಾರದ ಮಣಿ

"ಅಣ್ಣಾ, ಇದನ್ನ ಸ್ವಲ್ಪ ಹಿಡ್ಕೊಳ್ಳಿ. ಮಣಿ ಮಾತ್ರ ನಿಲ್ಲಬಾರದು," ಎಂದು ಆಕೆ ತನ್ನ ಜಪದ ಮಾಲೆಯನ್ನು ಐಸ್ ಗಾಡಿಯವನ ಅಂಗೈಗೆ ತುರುಕಿದಳು.

ಅವನು ತಬ್ಬಿಬ್ಬಾದ. "ನಾನಾ? ಅಯ್ಯೋ, ನಂಗಿದೆಲ್ಲ ಬರಲ್ಲ ಅಕ್ಕ!"

"ಬರೋದೇನಿದೆ ಇದ್ರಲ್ಲಿ? ಒಂದೊಂದೇ ಮಣಿ ದಾಟಿಸ್ತಾ ಮನಸ್ಸಿಟ್ಟು ಹೇಳಿ, ಸಾಕು. ಅವ್ರು ಬಿದ್ದಾಗಿಂದ ನಾನು ಬಿಟ್ಟಿಲ್ಲ. ಒಳಗಿಂದ ಒಳ್ಳೇ ಸುದ್ದಿ ಬರೋವರೆಗೂ ನಿಲ್ಸಲ್ಲ ಅಂತ ಹೇಳ್ಕೊಂಡಿದೀನಿ."

"ಏನಂತ ಹೇಳ್ಲಿ? ಯಾವ ದೇವ್ರಿಗೆ?"

ಅಷ್ಟರಲ್ಲಿ ನರ್ಸ್ ಆಕೆಯ ತೋಳು ಹಿಡಿದಾಗಿತ್ತು. "ನಿಮ್ಮ ರಕ್ತ ಹೊಂದುತ್ತಂತೆ, ಬೇಗ ಬನ್ನಿ," ಎಂದು ಎಳೆದುಕೊಂಡೇ ಹೋದಳು. ಬಾಗಿಲು ಮುಚ್ಚಿತು. ಆಸ್ಪತ್ರೆಯ ಬೆಂಚಿನ ಮೇಲೆ ಉಳಿದದ್ದು ಇವನೊಬ್ಬ, ಇವನ ಕೈಯಲ್ಲಿ ಆ ಮಾಲೆ.

ಒಂದು ಗಂಟೆಯ ಹಿಂದೆ ಅವರು ಯಾರೋ, ಇವನು ಯಾರೋ. ಮೀನು ಮಾರುಕಟ್ಟೆಗೆ ಐಸ್ ಒಯ್ಯುತ್ತಿದ್ದವನಿಗೆ, ನಾಲ್ಕು ರಸ್ತೆ ಕೂಡುವಲ್ಲಿ ಏಣಿಯಿಂದ ಬಿದ್ದಿದ್ದ ಬೋರ್ಡು ಬರೆಯುವವನು ಕಂಡಿದ್ದ. ಪಕ್ಕದಲ್ಲಿ ಕೂತ ಹೆಂಡತಿ, ಆಕೆಯ ಕೈಯಲ್ಲಿ ಮಾಲೆ. ಚೆಲ್ಲಿದ ಬಣ್ಣ ಚಕ್ರಕ್ಕೆ ಮೆತ್ತದಂತೆ ಕಾರುಗಳೆಲ್ಲ ಸುತ್ತು ಹಾಕಿ ಹೋಗುತ್ತಿದ್ದವು. ಇವನು ಬೈದುಕೊಂಡೇ ಗಾಡಿ ನಿಲ್ಲಿಸಿದ. ನಾಲ್ಕು ಐಸ್ ಗಡ್ಡೆಗಳನ್ನು ರಸ್ತೆಗೆ ದಬ್ಬಿ ಜಾಗ ಮಾಡಿದ. ಗೋಣಿ ಹಾಸಿ, ಮಲಗಿಸಿಕೊಂಡು ಬಂದ. ದಾರಿಯುದ್ದಕ್ಕೂ ಆಕೆ ಒಂದು ಹನಿ ಕಣ್ಣೀರು ಹಾಕಲಿಲ್ಲ. "ಏನೂ ಆಗಲ್ಲ, ದೇವ್ರು ನೋಡ್ಕೋತಾನೆ," ಎನ್ನುವಳು, ಮತ್ತೆ ಮಣಿ ಎಣಿಸುವಳು. ಇಷ್ಟು ಗಟ್ಟಿಯಾಗಿ ನಂಬಿದವರನ್ನು ಇವನು ಹತ್ತಿರದಿಂದ ಕಂಡದ್ದೇ ಇಲ್ಲ. ಇವನಿಗೂ ದೇವರಿಗೂ ಜಗಳವೇನಿರಲಿಲ್ಲ, ಮಾತುಕತೆಯೂ ಇರಲಿಲ್ಲ.

ಈಗ ನೋಡಿದರೆ ಮಂಗನ ಕೈಗೆ ಮಾಣಿಕ್ಯ! ಪಕ್ಕಕ್ಕಿಡೋಣವೆಂದರೆ ಒಳಗೆ ಒಬ್ಬನ ಹೊಟ್ಟೆ ಕೊಯ್ಯುತ್ತಿದ್ದಾರೆ. ತಿರುಗಿಸೋಣವೆಂದರೆ ಏನು ಹೇಳಬೇಕೋ ಗೊತ್ತಿಲ್ಲ. ಬಾಯಿಗೆ ಬಂದ ಯಾವುದೋ ದೇವರ ಹೆಸರು ಹೇಳಿ, ಅದು ಆಕೆಯ ದೇವರಲ್ಲದೆ ಹೋದರೆ? ಇಷ್ಟು ಹೊತ್ತಿನ ಜಪವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುವುದಿಲ್ಲವೇ? ಆ ಮನುಷ್ಯ ಹೋಗಿಯೇಬಿಟ್ಟರೆ ಕೊಂದ ಪಾಪ ಯಾರಿಗೆ? ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಅಷ್ಟರಲ್ಲಿ ಹೆಬ್ಬೆರಳು ತಾನಾಗಿಯೇ ಒಂದು ಮಣಿ ದಾಟಿಸಿತ್ತು.

ಚಿಕ್ಕಂದಿನಲ್ಲಿ ಅಮ್ಮ ಹೇಳಿಕೊಟ್ಟ ಪ್ರಾರ್ಥನೆ ನೆನಪಿಸಿಕೊಂಡ. ಎರಡನೇ ಸಾಲಿಗೇ ಕೈಕೊಟ್ಟಿತು. ಒಂದು, ಎರಡು, ಮೂರು ಎಂದು ಎಣಿಸಿ ನೋಡಿದ. ಐಸ್ ಇಳಿಸಿದ ಹಾಗಾಯಿತೇ ಹೊರತು ಜಪದ ಹಾಗಾಗಲಿಲ್ಲ. ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಮಾರುಕಟ್ಟೆಯ ಯಜಮಾನ, ಇನ್ಯಾರು! ಕಿಟಕಿಯಾಚೆ ಗಾಡಿಯ ಕೆಳಗಿಂದ ನೀರು ಅಂಗಳದುದ್ದಕ್ಕೂ ಹರಿಯುತ್ತಿತ್ತು. ಹಾಳಾಗಿ ಹೋಗಲಿ ಅಂದುಕೊಂಡ. ಮಾತಿಗೆ ನಿಂತರೆ ಮಣಿ ನಿಂತೀತೆಂಬ ಹೆದರಿಕೆಗೆ ಅವನು ಫೋನು ಮುಟ್ಟಲೂ ಇಲ್ಲ. ಆಮೇಲೆ ಯಾವಾಗಲೋ ತುಟಿ ಅದರಷ್ಟಕ್ಕೆ ಅದೇ ಆಡತೊಡಗಿತು. ಒಂದು ಮಣಿಗೆ ಒಂದು ಮಾತು.

ಆಕೆ ಹೊರಬಂದಾಗ ಮೊಣಕೈ ಮಡಿಕೆಯಲ್ಲಿ ಹತ್ತಿ ಒತ್ತಿ ಹಿಡಿದಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಏನಂದ್ರು ಅಕ್ಕ?"

"ಈಗ್ಲೇ ಏನೂ ಹೇಳಕ್ಕಾಗಲ್ಲವಂತೆ." ಆಕೆಯ ಕಣ್ಣು ಮಾಲೆಯ ಮೇಲೇ ಇತ್ತು. "ಮಣಿ ನಿಂತಿಲ್ಲ ತಾನೇ?"

"ನಿಂತಿಲ್ಲ. ಆದ್ರೆ..." ಒಂದು ಸುಳ್ಳು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆ ಮುಖ ನೋಡಿ ನಾಲಿಗೆ ಹೊರಳಲಿಲ್ಲ. "ತಪ್ಪಾಯ್ತು ಅಕ್ಕ. ನಿಮ್ಮ ದೇವ್ರ ಹೆಸ್ರು ನಂಗೊತ್ತಿಲ್ಲ. ದಿನಾ ಬೆಳಿಗ್ಗೆ ನನ್ನ ಗಾಡಿಗೆ ಹೇಳೋದನ್ನೇ ಹೇಳ್ಬಿಟ್ಟೆ."

"ಗಾಡಿಗಾ?"

"ಸುಮ್ನೆ ಕೀ ತಿರುಗಿಸಿದ್ರೆ ಸ್ಟಾರ್ಟ್ ಆಗಲ್ಲ ಅದು, ಮುದಿ ಗಾಡಿ. ಸ್ಟೇರಿಂಗ್ ಸವರಿ, 'ಏಳಪ್ಪಾ ರಾಜ, ಇನ್ನೊಂದ್ಸಲ ಏಳು' ಅಂತೀನಿ. ಅದೇ ಬಾಯಿಗೆ ಬಂತು. ಅದು ಲೆಕ್ಕಕ್ಕೆ ಬರುತ್ತೋ ಇಲ್ವೋ, ನಂಗೆ ತಿಳೀತಿಲ್ಲ."

ಆಕೆ ಅವನನ್ನೇ ನೋಡಿದಳು. ಬೈಯುತ್ತಾಳೋ, ಅಳುತ್ತಾಳೋ ಒಂದೂ ಗೊತ್ತಾಗದೆ ಇವನು ನೆಲ ನೋಡಿದ. ಆಕೆ ತಿರುಗಿ, ಕಿಟಕಿಯಾಚೆ ತುಕ್ಕು ಹಿಡಿದು ನಿಂತಿದ್ದ ಗಾಡಿಯನ್ನು ಬಹಳ ಹೊತ್ತು ನೋಡಿದಳು.

"ಎಷ್ಟು ವರ್ಷದ್ದು?"

"ಇಪ್ಪತ್ತಾರು."

"ಏಳುತ್ತಾ?"

"ಇವತ್ತಿನವರೆಗೂ ಒಂದಿನಾನೂ ಏಳದೇ ಇದ್ದಿಲ್ಲ ಅಕ್ಕ."

ಅವನ ಹೆಬ್ಬೆರಳಿದ್ದ ಮಣಿಯ ಮೇಲೇ ತನ್ನ ಹೆಬ್ಬೆರಳಿಟ್ಟು ಆಕೆ ಮಾಲೆ ಇಸಿದುಕೊಂಡಳು. "ಹೋಗಿ ಅಣ್ಣ, ನಿಮ್ಮ ಐಸ್ ಎಲ್ಲಾ ಕರಗೋಯ್ತು," ಎಂದು ಬೆಂಚಿಗೊರಗಿ ಕಣ್ಣು ಮುಚ್ಚಿದಳು. ಅವನು ಎದ್ದ. ಸಿಟ್ಟಾದಳೋ, ಕ್ಷಮಿಸಿದಳೋ ತಿಳಿಯದೆಯೇ ಬಾಗಿಲತ್ತ ನಡೆದ. ಹೊಸ್ತಿಲ ಹತ್ತಿರ ಬಂದಾಗ ಬೆನ್ನ ಹಿಂದೆ ಮಣಿಗಳ ಸದ್ದು, ಅದರ ಜೊತೆಗೆ ಆಕೆಯ ಪಿಸುಮಾತು ಕೇಳಿಸಿತು.

"ಏಳ್ರೀ ರಾಜ, ಇನ್ನೊಂದ್ಸಲ ಏಳಿ... ಏಳ್ರೀ ರಾಜ, ಇನ್ನೊಂದ್ಸಲ ಏಳಿ..."