ಒಂದೇ ಹಾಳೆ

ಕಂಪ್ಯೂಟರು ನೋಡಿಕೊಳ್ಳುವ ಹುಡುಗಿ ಬರೆದದ್ದು ಹತ್ತು ಸಾಲಿನ ಸ್ಕ್ರಿಪ್ಟು. ಅದು ನಕ್ಷೆ ಕಚೇರಿಯ ಹನ್ನೆರಡೂ ಕಂಪ್ಯೂಟರುಗಳನ್ನು ಜಾಲಾಡಿ, ಯಾವುದರಲ್ಲಿ ಯಾವ ಆಟವಿದೆ, ಯಾವಾಗ ತೆರೆದದ್ದು, ಯಾವಾಗ ಮುಚ್ಚಿದ್ದು ಎಂದು ಪಟ್ಟಿ ಕೊಟ್ಟಿತು. ಅವಳು ಅದನ್ನು ಎರಡು ಸಲ ಓದಿದಳು. ಇಸ್ಪೀಟು ಐದು ಕಡೆ. ಅದರಲ್ಲೊಂದು, ಆಟಗಳನ್ನೆಲ್ಲ ಸಂಜೆಯೊಳಗೆ ಅಳಿಸು ಎಂದಿದ್ದ ಸಾಹೇಬರದೇ. ಏಳನೆಯದರಲ್ಲೂ ಎಂಟನೆಯದರಲ್ಲೂ ಚದುರಂಗ. ದಿನಾ ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಎರಡೂ ತೆರೆದು ಒಂದು ಐವತ್ತಕ್ಕೆ ಮುಚ್ಚಿವೆ.

ಅವಳು ತಲೆಯೆತ್ತಿ ನೋಡಿದಳು. ಏಳು, ಎಂಟರ ಮೇಜುಗಳು ಎದುರುಬದುರು. ಅಲ್ಲಿನ ಹಿರಿಯ ನಕ್ಷೆಗಾರರಿಬ್ಬರು, ದೊಡ್ಡ ಕನ್ನಡಕದವರು ಮತ್ತು ಮಫ್ಲರಿನವರು, ಮಾತು ಬಿಟ್ಟು ನಾಲ್ಕು ವರ್ಷ. ಯಾವುದೋ ನಕ್ಷೆಯಲ್ಲಿ ಬಾವಿಯೊಂದು ರಸ್ತೆಯ ಆಚೆ ಬದಿಗೆ ಬಿದ್ದಿತ್ತು. ಅದು ಯಾರ ಕೈತಪ್ಪು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಒಬ್ಬರ ಫೈಲು ಇನ್ನೊಬ್ಬರಿಗೆ ಬೇಕಾದರೆ ಇವಳೇ ದಾಟಿಸಬೇಕು. ಅಂಥವರು ದಿನಾ ಒಬ್ಬರ ವಿರುದ್ಧ ಒಬ್ಬರು ಆಡುತ್ತಿದ್ದಾರೆ.

ಮಾತೆಂದರೆ ಅವಳಿಗೂ ಅಷ್ಟಕ್ಕಷ್ಟೆ. ಆದರೂ ಏಳನೆಯ ಮೇಜಿಗೆ ಹೋದಳು.

"ಸರ್, ಚದುರಂಗ... ಸಂಜೆ ಅಳಿಸ್ಬೇಕು."

ದೊಡ್ಡ ಕನ್ನಡಕದವರು ದನಿ ತಗ್ಗಿಸಿದರು. "ಅಳಿಸಮ್ಮ, ನಿನ್ನ ಕೆಲಸ ನೀನು ಮಾಡು. ಇನ್ನೊಂದು ನಾಲ್ಕು ನಡೆ ಇತ್ತು, ಅಷ್ಟೆ. ಆ ಪುಣ್ಯಾತ್ಮ ಸೋಲ್ತಿದ್ದ."

"ಅವರಿಗೆ ನೀವೇ ಹೇಳ್ತೀರಾ?"

"ನಾನ್ಯಾಕೆ ಹೇಳ್ಲಿ? ನಾವು ಮಾತಾಡಲ್ವಲ್ಲ."

ಮಫ್ಲರಿನವರಿಗೂ ಅವಳೇ ಹೇಳಿದಳು. ಅವರು ಮಫ್ಲರು ಬಿಚ್ಚಿ, ಮತ್ತೆ ಸುತ್ತಿಕೊಂಡರು. "ಸೋಲೋದ್ಯಾರು ಅಂತ ಅವನಿಗೇ ಗೊತ್ತು. ಹೋಗ್ಲಿ ಬಿಡು." ಪರದೆಯತ್ತ ತಿರುಗಿ, "ಇನ್ಮೇಲೆ ಊಟ ಆದ್ಮೇಲೆ ಏನ್ ಮಾಡೋದು?" ಎಂದರು. ಅದು ಅವಳಿಗೆ ಹೇಳಿದ್ದಲ್ಲ.

ಏಳು, ಎಂಟನ್ನು ಮುಟ್ಟಬೇಡ ಎಂದು, ಆಟ ಅಳಿಸುವ ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದಳು. ಅದನ್ನೇ ನೋಡುತ್ತ ಕೂತಳು. ಹೀಗೆ ಬಿಟ್ಟರೆ ಇನ್ನೂ ನಾಲ್ಕು ವರ್ಷ ತುಟಿ ಬಿಚ್ಚದೆ ಆಡಿಕೊಂಡಿರುತ್ತಾರೆ. ಸಾಲನ್ನು ತೆಗೆದಳು. ಅಳಿಸುವ ಮೊದಲು, ಅರ್ಧಕ್ಕೆ ನಿಂತ ಆಟವನ್ನು ಹಾಳೆಗೆ ಇಳಿಸಿಕೊಂಡಳು; ಮನೆಗಳು ಪೆನ್ನಿನಲ್ಲಿ, ಕಾಯಿಗಳು ಪೆನ್ಸಿಲಿನಲ್ಲಿ. ಒಂದೇ ಹಾಳೆ. ಮರುದಿನ ಊಟದ ಹೊತ್ತಿಗೆ ಅದನ್ನು ಎರಡು ಮೇಜು ಕೂಡುವ ಗೆರೆಯ ಮೇಲಿಟ್ಟು, ಮೇಲೊಂದು ಪೆನ್ಸಿಲು ಇರಿಸಿ, ಬಂದುಬಿಟ್ಟಳು.

ಒಂದು ಇಪ್ಪತ್ತಾಯಿತು. ಇಬ್ಬರೂ ಹಾಳೆಯನ್ನೇ ನೋಡುತ್ತಿದ್ದರು. ಒಂದೂವರೆಗೆ ಮಫ್ಲರಿನವರು ಪೆನ್ಸಿಲು ಎತ್ತಿಕೊಂಡು, ಮೇಜಿನ ಖಾನೆಯಲ್ಲಿ ಏನೋ ತಡಕಾಡಿ, ಹುಡುಗಿಯತ್ತ ತಿರುಗಿದರು. ಅವಳು ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ಇಲ್ಲದ ಕೆಲಸ ಮಾಡುತ್ತಿದ್ದಳು.

"ರಬ್ಬರ್ ಇದ್ಯಾ?" ಕೊನೆಗೆ ಅವರು ಹಾಳೆಯನ್ನು ಕೇಳಿದರು.

ಎದುರು ಮೇಜಿನಿಂದ ರಬ್ಬರು ಉರುಳಿ ಬಂತು. ಅದರ ಹಿಂದೆಯೇ ದನಿಯೂ ಬಂತು.

"ಆನೆನ ನೋಡ್ಕೊಂಡು ಇಡು ಮಹಾರಾಯ. ಬಾವಿ ಇಟ್ಟ ಹಾಗೆ ಇಡ್ಬೇಡ."