ಬೂದು ಬಣ್ಣದ ಡಬ್ಬಿ

ಮದಾಂ ಬೊನಾಲ್ ಬಳಿ ಮಗನ ಫೋಟೊ ಒಂದೂ ಇರಲಿಲ್ಲ. ಮಗ ಫ್ಲೋರಾನ್ ಮೊರಾಕ್ಕೊದ ದಂಡಿನ ಆಸ್ಪತ್ರೆಯಲ್ಲಿ ಜ್ವರದಿಂದ ಸತ್ತನೆಂಬ ಸುದ್ದಿ ಸೋಮವಾರ ಬಂತು. ಮರುದಿನ ಬೆಳಿಗ್ಗೆ ಅವಳು ತನ್ನ ಕಲ್ಲಿದ್ದಲು ಅಂಗಡಿಗೆ ಬೀಗ ಹಾಕಿ, ಕೈ ತೊಳೆದುಕೊಂಡು, ಎದುರು ಕಟ್ಟಡದ ಕೊನೆಯ ಮಹಡಿ ಹತ್ತಿ ಚಿತ್ರಗಾರ ರೆಮಿಯ ಬಾಗಿಲು ಬಡಿದಳು. ಹೋದ ಅಕ್ಟೋಬರಿನಲ್ಲಿ, ದಂಡಿಗೆ ಹೊರಡುವ ಮುಂಚೆ, ಫ್ಲೋರಾನ್ ಈ ಕೋಣೆಯಲ್ಲಿ ಚಿತ್ರಕ್ಕೆ ಕೂತಿದ್ದ. ಆ ಚಿತ್ರವನ್ನು ಅವಳು ನೋಡಿದ್ದಳು. ಅದರಲ್ಲಿ ಅವನು ಮುಕ್ಕಾದ ಹಲ್ಲೂ ಕಾಣುವ ಹಾಗೆ ನಗುತ್ತಿದ್ದ.

"ಚಿತ್ರ ಕೊಡು ರೆಮಿ. ನಾಡಿದ್ದು ಚರ್ಚಲ್ಲಿ ಪ್ರಾರ್ಥನೆ. ಹೆಣ ಅಂತೂ ಬರಲ್ಲ, ಮುಖನಾದ್ರೂ ಇಡ್ತೀನಿ."

ರೆಮಿ ಒಲೆಯ ಪಕ್ಕ ಕೂತಿದ್ದ ಗೆಳೆಯ ಗಾಸ್ಪಾರನ ಕಡೆ ನೋಡಿದ. ಗಾಸ್ಪಾರ್ ಪೈಪಿನ ಬೂದಿ ಕೊಡವಿದ. ಕೊನೆಗೆ ರೆಮಿ ಗೋಡೆಗೆ ಮುಖ ಮಾಡಿದ್ದ ಕ್ಯಾನ್ವಾಸೊಂದನ್ನು ತಿರುಗಿಸಿದ. ಒಡೆದ ಕಿಟಕಿಯ ಗಾಜನ್ನು ಗುಡಿಸಿ ಒಂದೆಡೆ ಸೇರಿಸಿದಂತೆ ಕಂದು, ಬೂದು ಬಣ್ಣದ ತುಂಡುಗಳು.

"ಇದಲ್ಲಪ್ಪ, ನನ್ನ ಮಗಂದು."

"ಇದೇ ಮದಾಂ. ಇಲ್ನೋಡಿ, ಇದು ಭುಜ. ಇದು ಗಲ್ಲ ಅನ್ಸತ್ತೆ."

"ಅನ್ಸತ್ತಾ?"

ಗಾಸ್ಪಾರ್ ಬಾಯಿ ಹಾಕಿದ. "ಒಂದೇ ಕಡೆಯಿಂದ ನೋಡೋದು ಹಳೇ ಪದ್ಧತಿ ಕಣಮ್ಮ. ಮುಂದಿಂದ, ಪಕ್ಕದಿಂದ, ಹಿಂದಿಂದ ಎಲ್ಲಾ ಒಟ್ಟಿಗೆ ನೋಡ್ಬೇಕು. ಕ್ಯೂಬಿಸಂ ಅಂದ್ರೆ ಅದೇ."

"ಹುಟ್ಟಿದಾಗಿಂದ ಅವನನ್ನ ಎಲ್ಲಾ ಕಡೆಯಿಂದ್ಲೂ ನೋಡಿದೀನಿ ನಾನು. ಬೆನ್ನು ತಿಕ್ಕಿದೀನಿ, ಹೇನು ಹೆಕ್ಕಿದೀನಿ. ಎಲ್ಲಾ ಸೇರಿಸಿದ್ರೂ ಅವನು ಫ್ಲೋರಾನ್ ಥರಾನೇ ಇದ್ದ."

ಅವಳು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಲೆಕೆಳಗು ಮಾಡಿದಳು. ಗೋಡೆಗೆ ಒರಗಿಸಿ, ಬಾಗಿಲವರೆಗೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿದಳು. "ಕಣ್ಣೆಲ್ಲಿ?" ರೆಮಿ ಒಂದು ಕಡೆ ಬೆರಳಿಟ್ಟ. ಅಲ್ಲಿಂದ ತೆಗೆದು ಇನ್ನೊಂದು ಕಡೆ ಇಟ್ಟ. ಅವನಿಗೂ ಗೊತ್ತಾಗಲಿಲ್ಲ.

"ನಾನು ನೋಡಿದ್ದ ಚಿತ್ರ ಎಲ್ಲಿ?"

"ಕೆರೆದ್ಬಿಟ್ಟೆ ಮದಾಂ. ಬಣ್ಣ ಇನ್ನೂ ಹಸಿ ಇತ್ತು. ಬಿಸ್ಕತ್ ಡಬ್ಬದ ಮುಚ್ಚಳದ ಮೇಲಿರೋ ಚಿತ್ರದ ಥರ ಇದೆ ಅಂದ ಇವನು. ನಂಗೂ ಹಂಗೇ ಅನ್ನಿಸ್ತು. ಅದೇ ಕ್ಯಾನ್ವಾಸ್ ಮೇಲೆ ಇದನ್ನ ಬರ್ದೆ."

"ಸರಿ. ಈಗ ಮತ್ತೆ ಬರಿ. ಹಳೇ ಥರಾನೇ. ನಾನಿಲ್ಲೇ ಕೂತಿರ್ತೀನಿ."

ರೆಮಿ ಕಾಗದ, ಇದ್ದಿಲಕಡ್ಡಿ ತಗೊಂಡ. ಮುಖದ ಹೊರಗೆರೆ ಬಂತು. ಮೂಗು ಅರ್ಧಕ್ಕೆ ಬಂದು ತಾನಾಗಿ ಪಕ್ಕಕ್ಕೆ ಮುರಿಯಿತು. ಹರಿದು ಹಾಕಿದ. ಇನ್ನೊಂದು ಹಾಳೆಯಲ್ಲೂ ಹಾಗೇ ಆಯಿತು. "ಮುಕ್ಕಾಗಿದ್ದು ಎಡಗಡೆ ಹಲ್ಲೋ, ಬಲಗಡೇದೋ?" ಎಂದು ಕೇಳಿದ. ಅವಳು ಬಾಯಿ ತೆರೆದು, ತನ್ನ ಹಲ್ಲಿನ ಮೇಲೆ ಬೆರಳಿಟ್ಟು, ಎಡವೋ ಬಲವೋ ತಿಳಿಯದೆ ಬೆರಳನ್ನು ಇನ್ನೊಂದು ಕಡೆಗೆ ಸರಿಸಿದಳು.

"ಬಿಡೋ, ಅದಕ್ಯಾಕೆ ಅಷ್ಟೊಂದು ಒದ್ದಾಡ್ತೀಯ?" ಎಂದ ಗಾಸ್ಪಾರ್. "ಹೇಳೋಣ ಅಂತಾನೇ ಬಂದೆ. ಕ್ಯೂಬಿಸಂ ಕೂಡ ಮುಗೀತು. ಇಟಲಿ ಚಿತ್ರಗಾರರು ಬಂದಿದಾರೆ. ಇನ್ಮೇಲೆ ಓಡೋದನ್ನ ಬರೀಬೇಕಂತೆ. ಕೂತಿರೋ ಮನುಷ್ಯ ಯಾರಿಗೂ ಬೇಡ."

ರೆಮಿ ಇದ್ದಿಲಕಡ್ಡಿ ಹಿಡಿದೇ ಅವನನ್ನು ನೋಡಿದ. "ಮುಗೀತಾ? ನಂಗೆ ಈಗಷ್ಟೇ ಅರ್ಥ ಆಗ್ತಿತ್ತಲ್ಲೋ."

"ಕೆರೆದ ಬಣ್ಣ ಏನ್ಮಾಡ್ದೆ?" ಮದಾಂ ಬೊನಾಲ್ ಕೇಳಿದಳು.

ರೆಮಿ ಹಲಗೆಯ ಮೇಲಿದ್ದ ಡಬ್ಬಿ ತೋರಿಸಿದ. ಕೆರೆದ ಬಣ್ಣವನ್ನೆಲ್ಲ ಅದರಲ್ಲೇ ಹಾಕುತ್ತಿದ್ದ. ಎಣ್ಣೆ ಬೆರೆಸಿ ಕಲಸಿದರೆ ಎಲ್ಲ ಬಣ್ಣವೂ ಕೂಡಿ ಬೂದು. ಹೊಸ ಚಿತ್ರಕ್ಕೆ ಮೊದಲು ಕ್ಯಾನ್ವಾಸಿಗೆಲ್ಲ ಬಳಿಯುವುದು ಅದನ್ನೇ. ಅವಳು ಡಬ್ಬಿಯೊಳಗೆ ಬಗ್ಗಿ ನೋಡಿದಳು. ತಳದಲ್ಲೂ ಏನೂ ಉಳಿದಿರಲಿಲ್ಲ.

ಗೋಡೆಯ ಮೇಲೆ ಮೂರು ಹೊಸ ಚಿತ್ರಗಳು ಒಣಗುತ್ತಿದ್ದವು: ಒಂದು ಗಿಟಾರು, ಒಂದು ಸೀಸೆ, ಒಂದು ಕುರ್ಚಿ. ಮೂರರ ಹಿಂದೆಯೂ ಅದೇ ಬೂದು. ಅವಳು ಒಂದೊಂದರ ಹತ್ತಿರವೂ ಹೋಗಿ, ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಕುರ್ಚಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತಳು. ಆಮೇಲೆ ಬರಿಗೈಯಲ್ಲಿ ಮೆಟ್ಟಿಲಿಳಿದಳು.

ಆ ಬೂದು ಬಣ್ಣದಲ್ಲಿ ಸೇರಿ ಹೋದದ್ದು ಇಷ್ಟು: ಎರಡು ಕಣ್ಣು, ಒಂದು ಮೂಗು, ಸ್ವಲ್ಪ ಪಕ್ಕಕ್ಕೆ ತಿರುಗಿ ಕೂತಿದ್ದರಿಂದ ಒಂದೇ ಕಿವಿ, ಒಂದು ಬಾಯಿ, ಅದರಲ್ಲಿ ಮುಕ್ಕಾದ ಒಂದು ಹಲ್ಲು.