ಕಾದ ಮ್ಯಾಗ್ನೆಟೊ

ಬೋಳಾರದ ಆ ಮನೆಯ ಎದುರಿಗೆ ಬಂದದ್ದೇ ತಡ, ಮೋಟರ್ ಸೈಕಲ್ ಕೆಮ್ಮಿ ಕೆಮ್ಮಿ ನಿಂತಿತು. ಹಿಂದೆ ಕೂತಿದ್ದ ದೇಯಿ ಗಂಡನ ಕೈಗಳನ್ನೇ ನೋಡುತ್ತಿದ್ದಳು. ಅವು ಹ್ಯಾಂಡಲ್ ಬಿಟ್ಟು ಅಲ್ಲಾಡಿರಲಿಲ್ಲ.

"ಕಂಡಿಯಾ? ನಾನು ಹೇಳಿದ್ದು ಸುಳ್ಳಾ?" ಎಂದ ಗುರುವಪ್ಪ. ದನಿಯಲ್ಲಿ ಗಾಡಿ ಕೆಟ್ಟವನ ಬೇಸರವಿರಲಿಲ್ಲ, ಕೇಸು ಗೆದ್ದವನ ಹಿಗ್ಗಿತ್ತು.

"ಮೊದಲು ಇಳಿಯಿರಿ. ಮತ್ತೆ ನೋಡುವ."

ಹಂಚಿನ ಕಾರ್ಖಾನೆಯ ಸಾಹೇಬರು ವಿಲಾಯತಿಗೆ ಹೊರಟಾಗ ಬಿಟ್ಟುಹೋದ ಗಾಡಿ ಅದು. ಈಗ ಸೂಪರ್‌ವೈಸರ್ ಗುರುವಪ್ಪನ ಸವಾರಿ. ಮಧ್ಯಾಹ್ನ ಉಂಡು ಕಾರ್ಖಾನೆಗೆ ಮರಳುವಾಗ ಅದು ದಿನಾ ಅದೇ ಮನೆಯ ಎದುರು ನಿಲ್ಲುತ್ತದೆಂದು ದೇಯಿಯ ಕಿವಿಗೆ ಹಾಕಿದವಳು ಮೀನು ಮಾರುವ ಬೆಂಗ್ರೆಯ ಕಿನ್ನಿ. ಅಲ್ಲಿರುವುದು ಒಂಟಿ ಹೆಂಗಸು ಎಂಬುದನ್ನೂ, ಯಾರೂ ಕೇಳದಿದ್ದರೂ, ಹೇಳಿಹೋಗಿದ್ದಳು. ಗುರುವಪ್ಪನದು ಒಂದೇ ಮಾತು: ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಬಿಸಿಲಿಗೆ ಕಾಯುತ್ತದೆ, ಕಾದರೆ ಕಿಡಿ ಹಾರುವುದಿಲ್ಲ, ಅಷ್ಟು ಕಾಯುವಾಗ ಸರಿಯಾಗಿ ಆ ಮನೆ ಬರುತ್ತದೆ, ಆ ಮನೆಯವರ ಮುಖವನ್ನು ಕೂಡ ತಾನು ನೋಡಿಲ್ಲ. ದೇಯಿ ಒಂದು ಬೆಳಿಗ್ಗೆ ಪರೀಕ್ಷೆಗೆಂದು ಹಿಂದೆ ಕೂತು ಬಂದಾಗ ಗಾಡಿ ಎಲ್ಲೂ ನಿಂತಿರಲಿಲ್ಲ. "ತಂಪಿನಲ್ಲಿ ನಿಲ್ಲುವುದಿಲ್ಲ ಮಾರಾಯ್ತಿ" ಎಂದು ಅವನು ಗೋಗರೆದಷ್ಟೂ ಅವಳ ಸಂಶಯ ಬೆಳೆಯಿತು. ಹಾಗಾಗಿ ಇವತ್ತು ಈ ಸುಡುಮಧ್ಯಾಹ್ನದ ಸವಾರಿ.

ಗುರುವಪ್ಪ ಪ್ಲಗ್ ಬಿಚ್ಚಿ, ವಯರಿಗೆ ಸಿಕ್ಕಿಸಿ, ಎಂಜಿನ್ನಿನ ಮೇಲೆ ಮಲಗಿಸಿದ. "ಕಿಡಿ ಉಂಟಾ ನೋಡು."

"ಈ ಬಿಸಿಲಿಗೆ ಕಿಡಿ ಇದ್ದರೂ ಕಾಣುವುದುಂಟಾ? ನನ್ನನ್ನು ಮಂಗ ಮಾಡ್ಬೇಡಿ."

"ಹಾಗಾದ್ರೆ ಸೆರಗು ಅಡ್ಡ ಹಿಡಿ."

ದೇಯಿ ಸೆರಗನ್ನು ಪ್ಲಗ್ಗಿನ ಮೇಲೆ ಕೊಡೆಯಂತೆ ಹಿಡಿದು ಬಗ್ಗಿದಳು. ಅವನೂ ಅದರೊಳಗೆ ತಲೆ ತೂರಿಸಿ, ಕಿಕ್ಕನ್ನು ಕೈಯಿಂದಲೇ ಒತ್ತಿದ. ಕಿಡಿ ಇಲ್ಲ. ಮತ್ತೊಮ್ಮೆ ಒತ್ತಿದರೂ ಇಲ್ಲ. ಬೇಕೆಂದೇ ಸಡಿಲ ಮಾಡಿಟ್ಟಿದ್ದಾನೋ ಎಂದು ಅವಳು ವಯರುಗಳನ್ನು ಎಳೆದು ನೋಡಿದಳು. ಎಲ್ಲವೂ ಬಿಗಿಯಾಗಿದ್ದವು. ಮ್ಯಾಗ್ನೆಟೊ ಎಂದು ಅವನು ತೋರಿಸಿದ್ದನ್ನು ಮುಟ್ಟಿದವಳೇ ಚುರ್ ಎಂದ ಬೆರಳನ್ನು ಹಿಂದಕ್ಕೆಳೆದಳು. ಅವನು ಆ ಬೆರಳು ಹಿಡಿದು ಊದಿದ. ಸೆರಗಿನ ನೆರಳಲ್ಲಿ ಅವನ ಬೆವರಿದ ಮುಖ ನೋಡಿ ದೇಯಿಗೆ ಅಯ್ಯೋ ಅನಿಸಿತು. ಪಾಪದ ಮನುಷ್ಯನನ್ನು ಇಷ್ಟು ದಿನ ಅರೆದು ಹಾಕಿದೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಅಷ್ಟರಲ್ಲಿ ಆ ಮನೆಯ ಹೆಂಗಸು ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಹಿಡಿದು ಬೇಲಿಯ ತಡಮೆ ದಾಟಿ ಬಂದಳು. ಬಿಸಿಲಲ್ಲಿ ಬಂದು ನಿಂತವರಿಗೆ ಬೆಲ್ಲ ನೀರು ಕೊಡದ ಮನೆ ಈ ಊರಲ್ಲಿ ಎಲ್ಲುಂಟು? ದೇಯಿ ತಪ್ಪು ತಿಳಿಯಲಿಲ್ಲ. ನಗುತ್ತಲೇ ಕೈ ನೀಡಿದಳು. ತಟ್ಟೆಯಲ್ಲಿದ್ದದ್ದು ಒಂದೇ ತುಂಡು.

"ಇವರಿಗೆ?"

"ಅವರ ಎಡಗಡೆಯ ಹಲ್ಲಿಗೆ ಸಿಹಿ ಆಗುದಿಲ್ಲ ಅಲ್ವಾ ಅಕ್ಕಾ? ಮಜ್ಜಿಗೆ ತರ್ತೇನೆ" ಎಂದು ಆಕೆ ಒಳಗೆ ಹೋದಳು.

ಬಿಸು ಹಬ್ಬದ ಪಾಯಸ ಬೇಡವೆಂದಾಗ ಗಂಡ ಹೊಟ್ಟೆ ತುಂಬಿದೆ ಎಂದಿದ್ದ. ಹಲ್ಲಿನ ಸುದ್ದಿಯನ್ನು ದೇಯಿಗೆ ಅವನು ಹೇಳಿಯೇ ಇರಲಿಲ್ಲ.

ಗುರುವಪ್ಪ ತಲೆ ಎತ್ತದೆ, ಬಟ್ಟೆಯನ್ನು ಚೆಂಬಿನ ನೀರಲ್ಲಿ ಅದ್ದಿ ಮ್ಯಾಗ್ನೆಟೊದ ಮೇಲೆ ಹಾಕಿ ತುಂಬ ಹೊತ್ತು ಕೂತ. ಮಜ್ಜಿಗೆ ಬಂತು, ಅವನು ಮುಟ್ಟಲಿಲ್ಲ. ಕೊನೆಗೆ ಪ್ಲಗ್ ಹಾಕಿ ಕಿಕ್ ಹೊಡೆದಾಗ ಗಾಡಿ ಒಂದೇ ಏಟಿಗೆ ಗುಡುಗಿತು.

"ಕೂತುಕೋ" ಎಂದ ಮೆಲ್ಲಗೆ. "ಗಾಡಿಯದ್ದು ನಿಜ ಅಂತ ನೀನೇ ನೋಡಿದಿ ಅಲ್ವಾ?"

"ಹೌದು. ಗಾಡಿಯ ಮೇಲೆ ನನಗೆ ಇನ್ನು ಎಂತ ಸಂಶಯವೂ ಇಲ್ಲ" ಎಂದ ದೇಯಿ, ಅಂಗೈಗೆ ಅಂಟುತ್ತಿದ್ದ ಬೆಲ್ಲವನ್ನು ಹಿಂದಿನ ಸೀಟಿನ ಮೇಲಿಟ್ಟು, ಸೆರಗನ್ನು ತಲೆಗೆ ಹೊದ್ದು, ಬಿಸಿಲಲ್ಲಿ ನಡೆಯತೊಡಗಿದಳು.